ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಗಳ ಮೆಮೊರಿ ನಿರ್ವಹಣೆಯನ್ನು ಹೋಲಿಸುವುದು ಹೇಗೆ

ಎರಡು ಪ್ರೋಗ್ರಾಮಿಂಗ್ ಭಾಷೆಗಳನ್ನು ಹೋಲಿಸಲು ಹೊರಟವರು ಸಾಮಾನ್ಯವಾಗಿ ವೇಗವನ್ನು ಅಳೆಯುತ್ತಾರೆ. ಮೆಮೊರಿಯ ವಿಷಯದಲ್ಲಿ ಆ ಅಳತೆಯಿಂದ ತಿಳಿಯುವುದು ಕಡಿಮೆ. ಒಂದು ಆಬ್ಜೆಕ್ಟ್ (ಮಾಹಿತಿಯನ್ನೂ ಅದರ ಕೆಲಸಗಳನ್ನೂ ಒಟ್ಟಿಗಿಟ್ಟ ಘಟಕ) ಪಡೆದ ಜಾಗವನ್ನು ಬಿಡಿಸುವ ಹೊಣೆ ಯಾರದು, ಆ ಕೆಲಸ ಯಾವ ಹೊತ್ತಿನಲ್ಲಿ ನಡೆಯುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಒಂದೇ ಪ್ರೋಗ್ರಾಮಿನ ಮೂಲಕ ಪ್ರತಿ ಭಾಷೆಗೂ ಕೇಳಿದಾಗಲೇ ನಿಜವಾದ ವ್ಯತ್ಯಾಸ ಕಾಣುತ್ತದೆ.

ಚಿಕ್ಕಮಗಳೂರು ಸೀಮೆಯವರಿಗೆ ಹೊಂದುವ ಪ್ರೋಗ್ರಾಮೆಂದರೆ ಕಾಫಿ ಕೊಯ್ಲಿನ ತೂಕದ ಪುಸ್ತಕ. ಸಂಜೆ ಹಣ್ಣಿನ ಚೀಲಗಳನ್ನು ತೂಗುವಾಗ ಯಾವ ಬ್ಲಾಕಿನಿಂದ (ತೋಟದ ಭಾಗದಿಂದ) ಯಾರು ಎಷ್ಟು ಕಿಲೋ ತಂದರೆಂದು ರೈಟರು ಬರೆದುಕೊಳ್ಳುವುದನ್ನು ಇಲ್ಲಿ ಎಲ್ಲರೂ ಕಂಡಿದ್ದಾರೆ. ಇದಕ್ಕೆ ತೋಟ ಮತ್ತು ಬ್ಲಾಕ್ ಎಂಬ, ಆಬ್ಜೆಕ್ಟುಗಳಿಗೆ ಅಚ್ಚಾಗುವ ಎರಡು ಕ್ಲಾಸ್‌ಗಳನ್ನು ಬರೆಯಿರಿ. ಜಾವಾ, ಪೈಥಾನ್ 3 ಮತ್ತು ಸ್ವಿಫ್ಟ್ ಕನ್ನಡ ಲಿಪಿಯ ಹೆಸರುಗಳನ್ನು ಒಪ್ಪುವುದರಿಂದ ಕ್ಲಾಸ್‌ಗೆ ತೋಟವೆಂದೇ ಹೆಸರಿಡಬಹುದು. ಕಲಿಯುವವರು ಹಾಗೆ ಮಾಡಬೇಕೆಂಬುದು ನನ್ನ ಆಸೆ. ತೋಟ ತನ್ನ ಬ್ಲಾಕುಗಳ ಪಟ್ಟಿಯನ್ನು ಇಟ್ಟುಕೊಂಡಿರಲಿ, ಪ್ರತಿ ಬ್ಲಾಕೂ ತಾನು ಸೇರಿದ ತೋಟವನ್ನು ಹಿಡಿದುಕೊಂಡಿರಲಿ. ಹೀಗೆ ಒಂದನ್ನೊಂದು ಹಿಡಿದಿರುವ ಆಬ್ಜೆಕ್ಟುಗಳ ಸುತ್ತು ಪ್ರತಿ ಭಾಷೆಯ ವ್ಯವಸ್ಥೆಯನ್ನೂ ಹೊರಗೆಡಹುತ್ತದೆ.

ಮೊದಲು ಪೈಥಾನ್‌ನಲ್ಲಿ ಮಾಡಿ ನೋಡಿ, ಏಕೆಂದರೆ ಅಲ್ಲಿ ಎಲ್ಲವನ್ನೂ ಪರದೆಯ ಮೇಲೆ ಹಂತ ಹಂತವಾಗಿ ನೋಡಬಹುದು. ಹೆಚ್ಚಿನವರು ಬಳಸುವ ಪೈಥಾನ್ ರೂಪವಾದ ಸಿಪೈಥಾನ್ ಪ್ರತಿ ಆಬ್ಜೆಕ್ಟನ್ನು ಎಷ್ಟು ಕಡೆಯಿಂದ ಹಿಡಿದಿದ್ದಾರೆಂದು ಎಣಿಸುತ್ತದೆ. ಎಣಿಕೆ ಸೊನ್ನೆಯಾದ ಕ್ಷಣವೇ ಜಾಗ ಬಿಡುತ್ತದೆ. ಎರಡೂ ಕ್ಲಾಸ್‌ಗಳಲ್ಲಿ, ಆಬ್ಜೆಕ್ಟ್ ಅಳಿಯುವಾಗ ಓಡುವ ಡೆಲ್ ಮೆಥಡ್‌ನಲ್ಲಿ ಒಂದು ಪ್ರಿಂಟ್ ಸಾಲನ್ನು ಹಾಕಿ, ತಾನಾಗಿ ನಡೆಯುವ ಸಂಗ್ರಹ ನಿಲ್ಲಲೆಂದು ಜಿಸಿ (ಗಾರ್ಬೇಜ್ ಕಲೆಕ್ಷನ್, ಅಂದರೆ ಬಳಕೆ ತಪ್ಪಿದ ಜಾಗದ ಸಂಗ್ರಹ) ಮಾಡ್ಯೂಲಿನ ಡಿಸೇಬಲ್ ಫಂಕ್ಷನ್ನನ್ನು ಕರೆಯಿರಿ. ಬ್ಲಾಕ್ ಇಲ್ಲದ ತೋಟವೊಂದನ್ನು ಮಾಡಿ ಅದರ ವೇರಿಯಬಲ್‌ಗೆ ನನ್ (None, ಏನೂ ಇಲ್ಲವೆಂಬ ಬೆಲೆ) ಕೊಟ್ಟರೆ ಸಂದೇಶ ತಕ್ಷಣ ಬರುತ್ತದೆ. ಬ್ಲಾಕುಗಳನ್ನು ಸೇರಿಸಿ ಅದನ್ನೇ ಮಾಡಿದರೆ ಪರದೆ ಖಾಲಿ ಉಳಿಯುತ್ತದೆ, ಏಕೆಂದರೆ ಹೊರಗಿನ ಹಿಡಿತ ತಪ್ಪಿದರೂ ಒಳಗಿನವು ಒಂದನ್ನೊಂದು ಬಿಟ್ಟಿಲ್ಲ. ಈಗ ಕಲೆಕ್ಟ್ ಫಂಕ್ಷನ್ನನ್ನು ಕರೆದ ಕೂಡಲೇ ಎಲ್ಲ ಸಂದೇಶಗಳೂ ಒಟ್ಟಿಗೆ ಬರುತ್ತವೆ. ಇಂಥ ಸುತ್ತುಗಳನ್ನು ಹುಡುಕಿ ಬಿಡಿಸುವ ಎರಡನೆಯ ವ್ಯವಸ್ಥೆ ಪೈಥಾನ್‌ನಲ್ಲಿದೆ. ಡೆಲ್ ಮೆಥಡ್ ಇರುವ ಸುತ್ತುಗಳನ್ನೂ ಅದು ಸರಿಯಾಗಿ ಬಿಡಿಸತೊಡಗಿದ್ದು 2014ರ 3.4 ಆವೃತ್ತಿಯಿಂದ.

ಅದೇ ಪ್ರೋಗ್ರಾಮನ್ನು ಸ್ವಿಫ್ಟ್‌ನಲ್ಲಿ ಬರೆದರೆ, ಆಬ್ಜೆಕ್ಟ್ ಅಳಿಯುವಾಗ ಓಡಬೇಕಾದ ಡಿಇನಿಟ್‌ನ ಸಂದೇಶ ಎಷ್ಟು ಕಾದರೂ ಬರುವುದಿಲ್ಲ. ಸ್ವಿಫ್ಟ್ ಕೂಡ ಎಣಿಕೆಯನ್ನೇ ನಂಬಿದೆ; ಆದರೆ ಸುತ್ತುಗಳನ್ನು ಹುಡುಕುವ ವ್ಯವಸ್ಥೆ ಅಲ್ಲಿಲ್ಲ. ಬ್ಲಾಕಿನಿಂದ ತೋಟದ ಕಡೆಗಿರುವ ಹಿಡಿತವನ್ನು ವೀಕ್ (ಎಣಿಕೆಗೆ ಸೇರದ್ದು) ಎಂದು ಗುರುತಿಸುವುದು ಪ್ರೋಗ್ರಾಮರನ ಹೊಣೆ. ಸಿ ಪ್ಲಸ್ ಪ್ಲಸ್‌ನಲ್ಲಿ ಎರಡೂ ಕಡೆ, ಹಿಡಿತಗಳನ್ನು ಎಣಿಸುವ ಷೇರ್ಡ್ ಪಾಯಿಂಟರ್ ಹಾಕಿದರೂ ಇದೇ ಸೋರಿಕೆ (ಜಾಗ ಬಿಡದೆ ಉಳಿಯುವುದು) ಆಗುತ್ತದೆ. ಲಿನಕ್ಸ್‌ನಲ್ಲಿ ಮೆಮೊರಿಯ ತಪ್ಪುಗಳನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಜೊತೆ ಕಂಪೈಲ್ ಮಾಡಿ ಓಡಿಸಿದರೆ, ಪ್ರೋಗ್ರಾಮ್ ಮುಗಿಯುವಾಗ ಎಷ್ಟು ಬೈಟ್ ಸೋರಿತು ಎಂಬ ವರದಿ ಸಿಗುತ್ತದೆ. ಅಲ್ಲಿ ನಾನು ಒಪ್ಪುವ ದಾರಿಯೆಂದರೆ, 2011ರ ಸ್ಟ್ಯಾಂಡರ್ಡ್‌ನಲ್ಲಿ ಬಂದ ಯುನೀಕ್ ಪಾಯಿಂಟರ್ ಮೂಲಕ ಬ್ಲಾಕುಗಳ ಒಡೆತನವನ್ನು ತೋಟಕ್ಕೆ ಮಾತ್ರ ಕೊಟ್ಟು, ಬ್ಲಾಕಿನಲ್ಲಿ ಒಡೆತನವಿಲ್ಲದ ಸಾದಾ ಪಾಯಿಂಟರನ್ನು ಇಡುವುದು. ಆಗ ತೋಟ ಅಳಿಯುವಾಗ ಓಡುವ ಡಿಸ್ಟ್ರಕ್ಟರ್ ನಡೆದಾಗ ಬ್ಲಾಕುಗಳೂ ಹೋಗುತ್ತವೆ. ಆ ಹೊತ್ತು ಯಾವುದೆಂಬುದನ್ನು ಕೋಡಿನ ಸಾಲನ್ನು ನೋಡಿಯೇ ಹೇಳಬಹುದು. ಈ ಖಚಿತತೆಯೇ ಸಿ ಪ್ಲಸ್ ಪ್ಲಸ್‌ನ ದೊಡ್ಡ ಬಲ.

ಜಾವಾದ ಗಾರ್ಬೇಜ್ ಕಲೆಕ್ಟರ್‌ಗೆ ಈ ಸುತ್ತು ಒಂದು ಸಮಸ್ಯೆಯೇ ಅಲ್ಲ, ಏಕೆಂದರೆ ಅದು ಎಣಿಸುವುದಿಲ್ಲ. ಬಳಕೆಯಲ್ಲಿರುವ ವೇರಿಯಬಲ್‌ಗಳಿಂದ ಹೊರಟು ಎಲ್ಲಿಯವರೆಗೆ ತಲುಪಲು ಸಾಧ್ಯವೋ ಅಷ್ಟನ್ನು ಉಳಿಸಿ, ಮಿಕ್ಕ ಜಾಗವನ್ನು ಮತ್ತೆ ಬಳಸುತ್ತದೆ. ಸಿ ಶಾರ್ಪ್‌ನದೂ ಬಹುಮಟ್ಟಿಗೆ ಇದೇ ಕ್ರಮ. ಜಾವಾದಲ್ಲಿ, ಆಬ್ಜೆಕ್ಟ್ ಅಳಿಯುವ ಮುನ್ನ ಓಡುವ ಫೈನಲೈಜ್ ಮೆಥಡ್‌ನ ಸಂದೇಶಕ್ಕಾಗಿ ಕಾಯಬೇಡಿ. 2017ರ ಜಾವಾ 9ರಿಂದ ಅದನ್ನು ಬಳಸಬಾರದೆಂದು ಗುರುತಿಸಲಾಗಿದೆ. ಅದರ ಬದಲು ಹೀಪ್ (ಆಬ್ಜೆಕ್ಟುಗಳಿಗೆ ಜಾಗ ಸಿಗುವ ಮೆಮೊರಿ) ಗಾತ್ರವನ್ನು 64 ಎಂಬಿಗೆ ಮಿತಿಗೊಳಿಸಿ, ಲೂಪಿನೊಳಗೆ ತೋಟಗಳನ್ನು ಸೃಷ್ಟಿಸಿ ಕೈಬಿಡುತ್ತಾ, ಜಿಸಿ ಲಾಗ್ ಅನ್ನು ಓದಿ. ಸಂಗ್ರಹಕ್ಕಾಗಿ ಪ್ರೋಗ್ರಾಮ್ ತಡೆದ ಪ್ರತಿ ಸಲದ ಸಾಲಿನಲ್ಲೂ ಸಂಗ್ರಹಕ್ಕೆ ಮುನ್ನ ಮತ್ತು ನಂತರ ಬಳಕೆಯಲ್ಲಿದ್ದ ಜಾಗವೂ, ಹಿಡಿದ ಮಿಲಿಸೆಕೆಂಡುಗಳೂ ಇರುತ್ತವೆ.

ಹಾಗೆಂದು ಜಾವಾದಲ್ಲಿ ಸೋರಿಕೆಯೇ ಇಲ್ಲವೆಂದು ತಿಳಿಯಬಾರದು. ಪ್ರತಿ ದಿನದ ತೂಕಗಳನ್ನು ಪ್ರೋಗ್ರಾಮ್ ಮುಗಿಯುವವರೆಗೂ ಉಳಿಯುವ ಒಂದು ಸ್ಟ್ಯಾಟಿಕ್ ಮ್ಯಾಪಿಗೆ ಸೇರಿಸುತ್ತಾ ಹೋಗಿ ಎಂದೂ ತೆಗೆಯದಿದ್ದರೆ, ಆ ದಾಖಲೆಗಳೆಲ್ಲ ತಲುಪಬಹುದಾದ ಸ್ಥಿತಿಯಲ್ಲೇ ಇರುವುದರಿಂದ ಕಲೆಕ್ಟರ್ ಅವನ್ನು ಮುಟ್ಟುವುದಿಲ್ಲ. ಕೊನೆಗೆ ಔಟ್ ಆಫ್ ಮೆಮೊರಿ ದೋಷ ಬಂದು ಪ್ರೋಗ್ರಾಮ್ ನಿಲ್ಲುತ್ತದೆ. ಲಾಗ್‌ನಲ್ಲಿ ಇದರ ಗುರುತು ಸ್ಪಷ್ಟವಾಗಿರುತ್ತದೆ: ಪೂರ್ಣ ಸಂಗ್ರಹವಾದ ನಂತರವೂ ಉಳಿಯುವ ಜಾಗ ಸಲದಿಂದ ಸಲಕ್ಕೆ ಏರುತ್ತಲೇ ಇರುತ್ತದೆ. ಸಂಗ್ರಹಗಳ ನಡುವೆ ಏರಿ ಇಳಿಯುವ ಗೆರೆಗೆ ಹೆದರಬೇಕಿಲ್ಲ.

ಮೆಮೊರಿಯ ಜೊತೆಗೇ ಫೈಲನ್ನೂ ಪರೀಕ್ಷಿಸಿ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಗುವುದು ಹೊಸದಲ್ಲ, ಡಿಸ್ಕಿಗೆ ಬರೆಯುವ ಮುನ್ನ ಮೆಮೊರಿಯಲ್ಲಿಡುವ ಬಫರಿನಲ್ಲೇ ಉಳಿದ ದಾಖಲೆ ಅದರೊಂದಿಗೆ ಹೋಗುತ್ತದೆ. ಗಾರ್ಬೇಜ್ ಕಲೆಕ್ಟರ್ ಎಂದಾದರೂ ಫೈಲನ್ನು ಮುಚ್ಚೀತೆಂದು ನೆಚ್ಚಬಾರದು. ಪೈಥಾನ್‌ನಲ್ಲಿ ವಿತ್, ಜಾವಾದಲ್ಲಿ ಟ್ರೈ ವಿತ್ ರಿಸೋರ್ಸಸ್, ಸಿ ಶಾರ್ಪ್‌ನಲ್ಲಿ ಯೂಸಿಂಗ್ ಎಂಬ, ಫೈಲನ್ನು ತಾನಾಗಿ ಮುಚ್ಚುವ ರಚನೆಗಳನ್ನು ಬಳಸಿ, ದಾಖಲೆಗಳ ಪ್ರತಿ ಗುಂಪನ್ನೂ ಬರೆದು ಕೂಡಲೇ ಮುಚ್ಚಬೇಕು.

ಆಯ್ಕೆ ಮಾಡುವಾಗ ಪ್ರೋಗ್ರಾಮ್ ಓಡುವ ಯಂತ್ರವನ್ನು ನೋಡಿ. ಕಚೇರಿಯ ಕಂಪ್ಯೂಟರಿನಲ್ಲಿ ತೂಕದ ಪುಸ್ತಕಕ್ಕೆ ಪೈಥಾನ್ ಅಥವಾ ಜಾವಾ ಧಾರಾಳವಾಗಿ ಸಾಕು, ಸಂಗ್ರಹದಿಂದಾಗುವ ಕೆಲವು ಮಿಲಿಸೆಕೆಂಡುಗಳ ತಡೆ ತೂಗುವವರಿಗೆ ತಿಳಿಯುವುದೇ ಇಲ್ಲ. ತೋಟದಲ್ಲಿ ಮಳೆ ಅಳೆಯಲು ಆರ್ಡುಯಿನೋ ಊನೋ ಆರ್3 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಇಟ್ಟರೆ ಲೆಕ್ಕ ಬೇರೆ: ಅದರಲ್ಲಿರುವುದು ಕೇವಲ 2 ಕೆಬಿ ರ‍್ಯಾಮ್. ಅಲ್ಲಿ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆಯುವಾಗಲೂ ಹೀಪಿನಿಂದ ಜಾಗ ಕೇಳುವ ನ್ಯೂ ಬಳಸದೆ, ಸ್ಟ್ರಿಂಗ್ ಆಬ್ಜೆಕ್ಟುಗಳನ್ನು ಮತ್ತೆ ಮತ್ತೆ ಜೋಡಿಸಿ ಹೀಪನ್ನು ಚೂರಾಗಿಸದೆ, ನಿಗದಿತ ಗಾತ್ರದ ಅರೇಗಳನ್ನು ಆರಂಭದಲ್ಲೇ ಘೋಷಿಸಿಕೊಳ್ಳಿ.