ಟೀ ಶರ್ಟ್ ಪ್ರಿಂಟಿಂಗ್‌ಗೆ ನಾನು ರೇಟ್ ಹಾಕುವ ರೀತಿ

ತುಮಕೂರಿನಲ್ಲಿ ನನ್ನದೊಂದು ಚಿಕ್ಕ ಟೀ ಶರ್ಟ್ ಪ್ರಿಂಟಿಂಗ್ ಅಂಗಡಿ ಇದೆ. ಬಂದವರೆಲ್ಲ ಮೊದಲು ಕೇಳುವುದು ಒಂದೇ: "ಅಕ್ಕ, ಒಂದು ಶರ್ಟಿಗೆ ಎಷ್ಟಾಗುತ್ತೆ?" ನಾನು ತಕ್ಷಣ ಉತ್ತರ ಹೇಳುವುದಿಲ್ಲ. ಎಷ್ಟು ಪೀಸ್, ಬಟ್ಟೆ ಯಾವ ಬಣ್ಣ, ಡಿಸೈನ್‌ನಲ್ಲಿ ಎಷ್ಟು ಬಣ್ಣ, ಯಾವತ್ತಿಗೆ ಬೇಕು, ಇಷ್ಟು ಗೊತ್ತಾಗದೆ ಹೇಳಿದ್ದು ಸುಮ್ನೆ ಬಾಯಿಗೆ ಬಂದ ರೇಟ್. ಈ ಕೆಲಸಕ್ಕೆ ಹೊಸದಾಗಿ ಇಳಿದವರು ನನ್ನನ್ನು ಕೇಳಿದಾಗ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯಾವ ಆರ್ಡರ್ ತೆಗೆದುಕೊಂಡರೂ ಅದರಲ್ಲಿ ಎರಡು ಖರ್ಚು ಇರುತ್ತವೆ. ಒಂದು, ಪ್ರತಿ ಶರ್ಟಿಗೂ ಬೀಳುವುದು. ಇನ್ನೊಂದು, 10 ಶರ್ಟ್ ಇರಲಿ 500 ಇರಲಿ, ಒಂದೇ ಸಲ ಬೀಳುವುದು. ಸ್ಕ್ರೀನ್ ಪ್ರಿಂಟ್‌ನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್, ಅಂದರೆ ಇಂಕ್ ದಾಟಿಸುವ ಮೆಶ್ (ಜಾಲರಿ) ಬಿಗಿದ ಫ್ರೇಮು ಬೇಕು. ಫಿಲ್ಮ್ ತೆಗೆಯಬೇಕು, ಮೆಶ್‌ಗೆ ಬೆಳಕಿಗೆ ಗಟ್ಟಿಯಾಗುವ ಎಮಲ್ಷನ್ ಬಳಿದು ಒಣಗಿಸಬೇಕು, ಬೆಳಕಿಗೆ ಎಕ್ಸ್‌ಪೋಸ್ ಮಾಡಿ ತೊಳೆಯಬೇಕು, ಆಮೇಲೆ ಬಣ್ಣಗಳು ಒಂದರ ಪಕ್ಕ ಒಂದು ಸರಿಯಾಗಿ ಕೂರುವ ಹಾಗೆ ಸೆಟ್ ಮಾಡಬೇಕು. ಮೊದಲ ಶರ್ಟ್ ಪ್ರಿಂಟ್ ಆಗುವ ಮುಂಚೆಯೇ ಇಷ್ಟೆಲ್ಲ ಕೆಲಸ ಮುಗಿದಿರುತ್ತದೆ. ಈ ಎರಡು ಖರ್ಚನ್ನು ಒಂದರೊಳಗೊಂದು ಸೇರಿಸಿಬಿಟ್ಟರೆ ಲೆಕ್ಕ ಯಾವತ್ತೂ ಸಿಗುವುದಿಲ್ಲ. ನನ್ನ ಪುಸ್ತಕದಲ್ಲಿ ಎರಡಕ್ಕೂ ಬೇರೆ ಬೇರೆ ಕಾಲಂ ಇದೆ.

ಒಂದು ಲೆಕ್ಕ ಬಿಡಿಸಿ ತೋರಿಸುತ್ತೇನೆ. ಅಂಕಿಗಳು ನನ್ನ ಅಂಗಡಿಯವು, ನಿಮ್ಮಲ್ಲಿ ಬೇರೆ ಇರುತ್ತವೆ. ಬಿಳಿ ರೌಂಡ್ ನೆಕ್, 180 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ), ಬಯೋವಾಶ್ ಆದ, ಅಂದರೆ ಎಂಜೈಮ್ ಹಾಕಿ ತೊಳೆದು ನುಣುಪು ಮಾಡಿದ ಕಾಟನ್. ತಿರುಪ್ಪೂರಿನಿಂದ ತರಿಸಿದರೆ 140 ರೂಪಾಯಿ, ಪಾರ್ಸಲ್ ಖರ್ಚು 5, ಒಟ್ಟು 145. ಎರಡು ಬಣ್ಣದ ಪ್ರಿಂಟ್, ಇಂಕ್ ಮತ್ತು ಪೀಸ್ ಕೂಲಿ ಸೇರಿ ಬಣ್ಣಕ್ಕೆ 12ರಂತೆ 24. ಕವರು, ಮಡಚುವುದಕ್ಕೆ 4. ಡ್ಯಾಮೇಜ್ ಲೆಕ್ಕಕ್ಕೆ 5. ಇಲ್ಲಿಗೆ 178 ಆಯಿತು.

ಡ್ಯಾಮೇಜ್ 5 ಯಾಕೆ ಅಂತ ಕೆಲವರು ಕೇಳುತ್ತಾರೆ. ಎಷ್ಟೇ ಹುಷಾರಾಗಿದ್ದರೂ ನೂರರಲ್ಲಿ ಎರಡು ಮೂರು ಶರ್ಟ್ ಹೋಗುತ್ತವೆ. ಇಂಕ್ ಚುಕ್ಕೆ ಬೀಳುತ್ತದೆ, ಪ್ರಿಂಟ್ ಸೊಟ್ಟ ಕೂರುತ್ತದೆ, ಬಟ್ಟೆಯಲ್ಲೇ ತೂತು ಬಂದಿರುತ್ತದೆ. ಅದನ್ನು ಮೊದಲೇ ರೇಟಿನಲ್ಲಿ ಇಟ್ಟಿದ್ದರೆ ಹಾಳಾದ ಶರ್ಟನ್ನು ಗಿರಾಕಿಗೆ ದಾಟಿಸುವ ಯೋಚನೆಯೇ ಬರುವುದಿಲ್ಲ.

ಇನ್ನು ಅಂಗಡಿ ಖರ್ಚು. ಬಾಡಿಗೆ, ಕರೆಂಟ್ ಬಿಲ್, ಮೆಷಿನ್ ಸಾಲದ ಕಂತು, ಡಿಸೈನ್ ಮಾಡುವ ಹುಡುಗನ ಸಂಬಳ. ಇವೆಲ್ಲ ಸೇರಿ ತಿಂಗಳಿಗೆ 36,000 ಅಂತ ಇಟ್ಟುಕೊಳ್ಳಿ. ತಿಂಗಳಿಗೆ ಸರಾಸರಿ 900 ಶರ್ಟ್ ಆದರೆ ಒಂದಕ್ಕೆ 40 ರೂಪಾಯಿ. ಈ ಸರಾಸರಿಯನ್ನು ಒಂದು ವರ್ಷದ ಲೆಕ್ಕ ಹಿಡಿದೇ ತೆಗೆಯಬೇಕು. ಗಣೇಶನ ಹಬ್ಬ, ರಾಜ್ಯೋತ್ಸವ, ಕಾಲೇಜು ಫೆಸ್ಟ್ ಇರುವ ತಿಂಗಳನ್ನು ನೋಡಿಕೊಂಡು ಭಾಗಿಸಿದರೆ ಪಾಲು ಕಡಿಮೆ ಬರುತ್ತದೆ. ಆಮೇಲೆ ಖಾಲಿ ಕೂರುವ ತಿಂಗಳಿನ ಬಾಡಿಗೆ ಯಾರು ಕೊಡುತ್ತಾರೆ? ಹಾಗಾಗಿ ಶರ್ಟಿನ ಅಸಲು 178ಕ್ಕೆ 40 ಸೇರಿ 218. ಆರ್ಡರ್ ಖರ್ಚು ಬೇರೆ: ಸ್ಕ್ರೀನ್‌ಗೆ 350ರಂತೆ ಎರಡಕ್ಕೆ 700.

ಲಾಭದ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. 100 ರೂಪಾಯಿ ಅಸಲಿಗೆ 20 ಸೇರಿಸಿ 120ಕ್ಕೆ ಮಾರಿದರೆ 20 ಪರ್ಸೆಂಟ್ ಲಾಭ ಅಂದುಕೊಳ್ಳುತ್ತಾರೆ. ಮಾರಿದ ಬೆಲೆಯಲ್ಲಿ ಅದು 17 ಪರ್ಸೆಂಟ್ ಕೂಡ ಆಗುವುದಿಲ್ಲ. ಗಿರಾಕಿ ಡಿಸ್ಕೌಂಟ್ ಕೇಳುವುದು ಮಾರುವ ಬೆಲೆಯ ಮೇಲೆ ಅಲ್ವಾ? "10 ಪರ್ಸೆಂಟ್ ಬಿಡಿ" ಅಂದಾಗ ಒಪ್ಪಿಕೊಂಡರೆ 12 ರೂಪಾಯಿ ಹೋಯಿತು. 20 ಇದ್ದ ಲಾಭ 8ಕ್ಕೆ ಬಂತು. ಅದಕ್ಕೇ ನಾನು ಅಸಲಿಗೆ ಸೇರಿಸುವುದಿಲ್ಲ, ಭಾಗಿಸುತ್ತೇನೆ. ಮಾರುವ ಬೆಲೆಯಲ್ಲಿ 20 ಪರ್ಸೆಂಟ್ ಲಾಭ ಬೇಕಾದರೆ ಅಸಲು ಅದರ 80 ಪರ್ಸೆಂಟ್ ಆಗಬೇಕು, ಹಾಗಾಗಿ 0.8ರಿಂದ, 15 ಬೇಕಾದರೆ 0.85ರಿಂದ.

ಈಗ ರೇಟ್ ತಾನಾಗಿಯೇ ಬರುತ್ತದೆ. 10 ಶರ್ಟ್ ಆದರೆ 2,180ಕ್ಕೆ 700 ಸೇರಿಸಿ 0.8ರಿಂದ ಭಾಗಿಸಿ: 3,600. ಅಂದರೆ ಒಂದಕ್ಕೆ 360. ಅದೇ 30 ಶರ್ಟ್ ಆದರೆ ಒಂದಕ್ಕೆ 302 ಬೀಳುತ್ತದೆ. 100 ಪೀಸ್ ದಾಟಿದರೆ ನಾನು ಲಾಭವನ್ನು 15ಕ್ಕೆ ಇಳಿಸುತ್ತೇನೆ, ಆಗ 265. ಹತ್ತಕ್ಕೂ ಮೂವತ್ತಕ್ಕೂ ಅಷ್ಟೊಂದು ವ್ಯತ್ಯಾಸ, ನೂರಕ್ಕೆ ಹೋದಾಗ ಇಷ್ಟೇ ಯಾಕೆ ಅಂತ ಕೇಳಿದರೆ ಉತ್ತರ ಆ 700ರಲ್ಲಿ ಇದೆ. ಹತ್ತು ಜನ ಹಂಚಿಕೊಂಡಾಗ ತಲೆಗೆ 70, ಮೂವತ್ತಕ್ಕೆ 23, ನೂರಕ್ಕೆ 7. ಆಮೇಲೆ ಹಂಚುವುದಕ್ಕೆ ಏನೂ ಉಳಿದಿರುವುದಿಲ್ಲ. ಬಟ್ಟೆಯ ಬೆಲೆ ಬಟ್ಟೆಯ ಬೆಲೆಯೇ.

ಬಣ್ಣದ ಲೆಕ್ಕ ಹೊರಗಿನವರಿಗೆ ಕಾಣುವುದಿಲ್ಲ. ರಾಜ್ಯೋತ್ಸವದ ಆರ್ಡರ್‌ನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಹಳದಿ ಶರ್ಟಿನ ಮೇಲೆ ಕೆಂಪು ಅಕ್ಷರ ಅಂದರೆ ಒಂದೇ ಸ್ಕ್ರೀನ್, ನೇರ ಹೊಡೆದರೆ ಮುಗಿಯಿತು. ಕೆಂಪು ಶರ್ಟಿನ ಮೇಲೆ ಹಳದಿ ಅಕ್ಷರ ಕೇಳಿದರೆ ಕಥೆಯೇ ಬೇರೆ. ನೇರ ಹಾಕಿದರೆ ಹಳದಿ ಕಿತ್ತಳೆಗೆ ತಿರುಗಿ ಮಂಕಾಗಿ ಕಾಣುತ್ತದೆ. ಮೊದಲು ಬಿಳಿ ಬೇಸ್ ಹೊಡೆದು, ಅದನ್ನು ಸ್ವಲ್ಪ ಒಣಗಿಸಿ, ಅದರ ಮೇಲೆ ಹಳದಿ ಕೂರಿಸಬೇಕು. ಎರಡು ಸ್ಕ್ರೀನ್, ಎರಡು ಹೊಡೆತ, ನಡುವೆ ಒಣಗಿಸುವ ಸಮಯ. ಕಣ್ಣಿಗೆ ಕಾಣುವುದು ಒಂದೇ ಬಣ್ಣ, ನನ್ನ ಕಾಲಂನಲ್ಲಿ ಬರೆಯುವುದು ಎರಡು. ಎರಡೂ ಶರ್ಟನ್ನು ಮೇಜಿನ ಮೇಲೆ ಹಾಸಿ ತೋರಿಸುತ್ತೇನೆ. ಬೇಸ್ ಇಲ್ಲದ ಒಂದು ಪೀಸನ್ನೂ ಪಕ್ಕದಲ್ಲಿ ಇಡುತ್ತೇನೆ. ನೋಡಿದವರು ಸಾಮಾನ್ಯವಾಗಿ ತಾವೇ ಹಳದಿ ಶರ್ಟ್ ಸಾಕು ಅನ್ನುತ್ತಾರೆ.

ಕನ್ನಡ ಅಕ್ಷರಕ್ಕೆ ಡಿಸೈನ್ ಚಾರ್ಜ್ ತೆಗೆದುಕೊಳ್ಳುತ್ತೇನೆ, ಅದರಲ್ಲಿ ನನಗೆ ಸಂಕೋಚವಿಲ್ಲ. ವಾಟ್ಸಾಪ್‌ನಲ್ಲಿ ಬಂದ ಫೋಟೋ ಹಾಗೇ ಪ್ರಿಂಟ್‌ಗೆ ಬರುವುದಿಲ್ಲ, ಮತ್ತೆ ಬರೆಯಬೇಕು. ಹಳೇ ಫಾಂಟ್‌ನಲ್ಲಿ ಮಾಡಿದ ಫೈಲ್ ನಮ್ಮ ಕಂಪ್ಯೂಟರ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಸಣ್ಣ ಸೈಜಿನಲ್ಲಿ ಒತ್ತಕ್ಷರದ ಒಳಗಿನ ಜಾಗ ಇಂಕ್‌ನಿಂದ ಮುಚ್ಚಿಹೋಗುತ್ತದೆ. "ಸ್ನೇಹಿತರ" ಅನ್ನುವಾಗ ಸ ಕೆಳಗಿನ ನ ಒತ್ತು ಒಂದು ಚುಕ್ಕೆಯಾಗಿ ಕೂತರೆ ಯಾರಿಗೆ ಇಷ್ಟವಾಗುತ್ತದೆ? ಅದನ್ನು ಬಿಡಿಸಿ, ಸ್ವಲ್ಪ ಅಗಲಿಸಿ, ಸ್ಕ್ರೀನ್‌ಗೆ ತಕ್ಕ ಹಾಗೆ ಮಾಡುವುದಕ್ಕೆ ಸಮಯ ಬೇಕು. 300 ರೂಪಾಯಿ, ಒಂದೇ ಸಲ. ಪ್ರಿಂಟ್‌ಗೆ ಮುಂಚೆ ಡಿಸೈನ್ ಕಳಿಸಿ "ಓಕೆ" ಅಂತ ಮೆಸೇಜ್ ಬಂದ ಮೇಲೇ ಸ್ಕ್ರೀನ್ ಮಾಡುತ್ತೇವೆ. ಕಾಗುಣಿತದ ತಪ್ಪು ಶರ್ಟಿಗೆ ಬಂದ ಮೇಲೆ ಅಳಿಸುವುದಕ್ಕೆ ಆಗುವುದಿಲ್ಲ.

ಇನ್ನೊಂದು ವಿಧಾನ ಡಿಟಿಎಫ್, ಅಂದರೆ ಡಿಸೈನನ್ನು ಫಿಲ್ಮ್ ಮೇಲೆ ಪ್ರಿಂಟ್ ಮಾಡಿ ಬಿಸಿಯಿಂದ ಶರ್ಟಿಗೆ ಒತ್ತುವುದು. ಅದರಲ್ಲಿ ಸ್ಕ್ರೀನ್ ಇಲ್ಲ, ಬಣ್ಣ ಎಷ್ಟಿದ್ದರೂ ಒಂದೇ. ಅಲ್ಲಿ ಜಾಗಕ್ಕೆ ದುಡ್ಡು. 60 ಸೆಂಟಿಮೀಟರ್ ಅಗಲದ ಫಿಲ್ಮ್, ಮೀಟರ್ ಲೆಕ್ಕ. ನನಗೆ ಮೀಟರ್‌ಗೆ 250 ಬಿದ್ದರೆ, ಎದೆ ತುಂಬ ಬರುವ ಪ್ರಿಂಟ್ ಐದು ಕೂರುತ್ತವೆ, ಒಂದಕ್ಕೆ 50. ಉಳಿದ ಅಂಚಿನಲ್ಲಿ ಬೇರೆ ಆರ್ಡರ್‌ನ ಸಣ್ಣ ಲೋಗೋ ತುಂಬಿಸುತ್ತೇನೆ. ಹೀಟ್ ಪ್ರೆಸ್ ಮಾಡುವ ಕೂಲಿ 15. ಪಾಕೆಟ್ ಮೇಲಿನ ಸಣ್ಣ ಲೋಗೋಗೆ ಫಿಲ್ಮ್ ನಾಲ್ಕೈದು ರೂಪಾಯಿಯಷ್ಟೇ ಆಗುತ್ತದೆ, ಆದರೆ ಪ್ರೆಸ್ ಕೂಲಿ ಅದೇ 15. ಶರ್ಟ್ ಹಾಸಬೇಕು, ಒತ್ತಬೇಕು, ಫಿಲ್ಮ್ ಕಿತ್ತು ಇನ್ನೊಮ್ಮೆ ಒತ್ತಬೇಕು. "ಚಿಕ್ಕ ಲೋಗೋ ತಾನೇ" ಅಂತ ಐದು ರೂಪಾಯಿಗೆ ಮಾಡಿಕೊಡುವುದಕ್ಕೆ ಆಗುವುದಿಲ್ಲ.

ಹಾಗಾದರೆ ಯಾವಾಗ ಯಾವುದು? ಮೇಲಿನ ಅಂಕಿಗಳನ್ನೇ ಹಾಕಿ ನೋಡಿ. ಎರಡು ಬಣ್ಣಕ್ಕೆ ಸ್ಕ್ರೀನ್‌ನಲ್ಲಿ 700 ಮತ್ತು ಶರ್ಟಿಗೆ 24, ಡಿಟಿಎಫ್‌ನಲ್ಲಿ ಶರ್ಟಿಗೆ 65. ಸುಮಾರು 17 ಶರ್ಟ್ ದಾಟಿದರೆ ಸ್ಕ್ರೀನ್ ಅಗ್ಗ. ನಾಲ್ಕು ಬಣ್ಣ ಆದರೆ 80 ದಾಟಬೇಕು. ಫೋಟೋ ಇದ್ದರೆ ನಾನು ಡಿಟಿಎಫ್ ಮಾಡುತ್ತೇನೆ. ಪಾಲಿಯೆಸ್ಟರ್ ಜೆರ್ಸಿಗೆ ಸಬ್ಲಿಮೇಷನ್ (ಬಿಸಿಗೆ ಬಣ್ಣ ಆವಿಯಾಗಿ ನೂಲಿನೊಳಗೆ ಇಳಿಯುವ ಪ್ರಿಂಟ್), ಅದನ್ನು ನಾನು ಹೊರಗೆ ಕೊಟ್ಟು ಮಾಡಿಸುತ್ತೇನೆ.

ಚೌಕಾಸಿ ಬಂದೇ ಬರುತ್ತದೆ. ಬೆಂಗಳೂರು ಇಲ್ಲಿಂದ 70 ಕಿಲೋಮೀಟರ್. "ಚಿಕ್ಕಪೇಟೆಯಲ್ಲಿ ಇನ್ನೂ ಕಡಿಮೆಗೆ ಸಿಗುತ್ತೆ ಅಕ್ಕ" ಅಂತ ಹುಡುಗರು ಹೇಳುತ್ತಾರೆ. ಇರಬಹುದು, ಬಟ್ಟೆ ಯಾವುದು ಅಂತ ನೋಡಬೇಕು. ನನ್ನ ಹತ್ತಿರ 140 ಜಿಎಸ್‌ಎಂನ ತೆಳು ಶರ್ಟೂ ಒಂದಿದೆ, 180ರದ್ದೂ ಇದೆ. ಎರಡನ್ನೂ ಬೆಳಕಿಗೆ ಹಿಡಿದು ನೋಡಿ ಅಂತ ಕೈಗೆ ಕೊಡುತ್ತೇನೆ. ಆದರೂ ಬಜೆಟ್ ಕಮ್ಮಿ ಅಂದರೆ ನಾನು ರೇಟ್ ಇಳಿಸುವುದಿಲ್ಲ, ಕೆಲಸ ಇಳಿಸುತ್ತೇನೆ. ದೇವರಾಯನದುರ್ಗಕ್ಕೆ ಟ್ರೆಕ್ಕಿಂಗ್ ಹೊರಟ ಕಾಲೇಜು ಹುಡುಗಿಯರ ಗುಂಪೊಂದು 30 ಶರ್ಟ್ ಕೇಳಿ ಬಂದಿತ್ತು. 302 ಜಾಸ್ತಿ ಆಯಿತು ಅಂದರು. ಎರಡು ಬಣ್ಣದ ಬದಲು ಒಂದೇ ಬಣ್ಣ ಮಾಡೋಣ, ಬೆಟ್ಟದ ಗೆರೆಯನ್ನೂ ಹೆಸರನ್ನೂ ಕಡು ಹಸಿರಿನಲ್ಲೇ ಹಾಕೋಣ ಅಂದೆ. ಒಂದು ಸ್ಕ್ರೀನ್ ಉಳಿಯಿತು, ಶರ್ಟಿಗೆ 12 ಉಳಿಯಿತು. ರೇಟ್ 272ಕ್ಕೆ ಬಂತು. ನನ್ನ ಲಾಭದ ಪರ್ಸೆಂಟ್ ಅಷ್ಟೇ ಇತ್ತು. ಡಿಸೈನ್ ಮೊದಲಿಗಿಂತ ಚೆನ್ನಾಗಿಯೇ ಬಂತು ಅಂತ ನನಗೆ ಈಗಲೂ ಅನಿಸುತ್ತದೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಡಬಲ್ ಎಕ್ಸ್‌ಎಲ್ ಮೇಲಿನ ಸೈಜಿಗೆ ಬಟ್ಟೆಯವರೇ ಜಾಸ್ತಿ ಹಾಕುತ್ತಾರೆ, ನಾನೂ ಶರ್ಟಿಗೆ 25 ಸೇರಿಸುತ್ತೇನೆ. ಅರ್ಜೆಂಟ್ ಆರ್ಡರ್‌ಗೆ 15 ಪರ್ಸೆಂಟ್ ಹೆಚ್ಚು, ಯಾಕೆಂದರೆ ರಾತ್ರಿ ಕೂರುವ ಹುಡುಗರಿಗೆ ಓಟಿ ಕೊಡಬೇಕು. ವಸಂತನರಸಾಪುರದ ಫ್ಯಾಕ್ಟರಿಗಳಿಗೆ ಮಾರ್ಚ್ 4ರ ಸುರಕ್ಷತಾ ದಿನಕ್ಕೆ ಶರ್ಟ್ ಬೇಕಾಗುತ್ತದೆ. ಅವರಿಗೆ ಫೆಬ್ರವರಿ ಮೊದಲ ವಾರವೇ ಫೋನ್ ಮಾಡಿ ನೆನಪಿಸುತ್ತೇನೆ, ಆ ಹೆಚ್ಚುವರಿ ಅವರಿಗೆ ಬೀಳುವುದು ತಪ್ಪುತ್ತದೆ. ಕಂಪನಿಯವರು ಬಿಲ್ ಕೇಳಿಯೇ ಕೇಳುತ್ತಾರೆ, ಜಿಎಸ್‌ಟಿಯನ್ನು ರೇಟಿನ ಹೊರಗೆ ಬೇರೆ ಸಾಲಿನಲ್ಲಿ ತೋರಿಸುತ್ತೇನೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ 5 ಪರ್ಸೆಂಟ್, ಮೊದಲು ಆ ಮಿತಿ 1,000 ಇತ್ತು. ಅಡ್ವಾನ್ಸ್ 60 ಪರ್ಸೆಂಟ್ ಬಂದ ಮೇಲೇ ಬಟ್ಟೆ ತರಿಸುವುದು. ನೂಲಿನ ಬೆಲೆ ಏರಿಳಿಯುವುದರಿಂದ ಕೊಟೇಷನ್ ಮೇಲೆ "ಈ ದರ 10 ದಿನಕ್ಕೆ ಮಾತ್ರ" ಅಂತ ಬರೆದಿರುತ್ತೇನೆ.

ಕೆಲಸ ಮುಗಿದ ಮೇಲೆ ಸ್ಕ್ರೀನ್ ಅಳಿಸುವುದಿಲ್ಲ. ಫ್ರೇಮಿನ ಮೇಲೆ ಗಿರಾಕಿಯ ಹೆಸರು, ತಾರೀಕು ಬರೆದು ಮೂರು ತಿಂಗಳು ಇಡುತ್ತೇನೆ. ಶರ್ಟ್ ಹಂಚಿದ ಮೇಲೆ "ನಮಗೂ ಬೇಕಿತ್ತು" ಅನ್ನುವವರು ಎಲ್ಲ ಗುಂಪಿನಲ್ಲೂ ಇರುತ್ತಾರೆ. ಅವರಿಗಾಗಿ ಅದೇ ಡಿಸೈನ್ ಮತ್ತೆ ಕೇಳಿದರೆ ಆರ್ಡರ್ ಕಾಲಂನಲ್ಲಿ ಸೊನ್ನೆ ಬರೆಯುತ್ತೇನೆ, ಹತ್ತೇ ಶರ್ಟ್ ಆದರೂ ಸ್ಕ್ರೀನ್ ಚಾರ್ಜ್ ಇಲ್ಲ. ಇದನ್ನು ಡೆಲಿವರಿ ಕೊಡುವಾಗಲೇ ಬಿಲ್ ಹಿಂದೆ ಪೆನ್ನಿನಲ್ಲಿ ಬರೆದುಕೊಡುತ್ತೇನೆ.