ಸಾಸಿವೆ ಎಣ್ಣೆಯಲ್ಲಿ ಆರ್ಜಿಮೋನ್ ಪತ್ತೆ ಹಚ್ಚುವುದು ಹೇಗೆ

1998ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಕಲಬೆರಕೆ ಸಾಸಿವೆ ಎಣ್ಣೆ 60ಕ್ಕೂ ಹೆಚ್ಚು ಜನರ ಜೀವ ತೆಗೆಯಿತು. ಕಾಲು ಊದುವುದು, ಏದುಸಿರು, ಕೊನೆಗೆ ಹೃದಯ ಸೋಲುವುದು ಈ ಕಾಯಿಲೆಯ ಲಕ್ಷಣ. ಎಣ್ಣೆಗೆ ಬೆರೆತಿದ್ದದ್ದು ಆರ್ಜಿಮೋನ್ ಬೀಜದ ಎಣ್ಣೆ. ಹಳದಿ ಹೂ ಬಿಡುವ ಈ ಮುಳ್ಳುಗಿಡ ನಮ್ಮ ರಸ್ತೆಬದಿಯಲ್ಲೂ ಬೆಳೆಯುತ್ತದೆ. ಬೀಜ ಸಾಸಿವೆಯನ್ನೇ ಹೋಲುತ್ತದೆ. ಅದರಲ್ಲಿರುವ ವಿಷ ಸಾಂಗ್ವಿನರಿನ್ ಎಂಬ ಆಲ್ಕಲಾಯ್ಡ್, ಅಂದರೆ ಗಿಡದಲ್ಲೇ ಹುಟ್ಟುವ ಸಾರಜನಕವುಳ್ಳ ರಾಸಾಯನಿಕ. ಅದು ಎಣ್ಣೆಯಿಂದ ಆಮ್ಲಕ್ಕೆ ಇಳಿದು ಬರುತ್ತದೆ. ಪರೀಕ್ಷೆಗಳೆಲ್ಲ ನಿಂತಿರುವುದು ಈ ಗುಣದ ಮೇಲೆ.

ಇದು ಅಡುಗೆಮನೆಯಲ್ಲಿ ಮಾಡುವ ಕೆಲಸವಲ್ಲ. ಫ್ಯೂಮ್ ಹುಡ್ (ವಿಷಗಾಳಿಯನ್ನು ಹೊರಗೆಳೆಯುವ ಗೂಡು), ಕೈಗವಸು, ಕನ್ನಡಕ ಇರುವ ಪ್ರಯೋಗಾಲಯ ಬೇಕು. ಜೊತೆಗೆ ಶುದ್ಧವೆಂದು ಖಚಿತವಾಗಿ ಗೊತ್ತಿರುವ ಸಾಸಿವೆ ಎಣ್ಣೆಯೂ ಬೇಕು.

ಮೊದಲು ನೈಟ್ರಿಕ್ ಆಮ್ಲದ ಪರೀಕ್ಷೆ. ಒಣಗಿದ ಪ್ರನಾಳದಲ್ಲಿ 5 ಮಿ.ಲೀ. ಎಣ್ಣೆ ಹಾಕಿ, ಅಷ್ಟೇ ಸಾಂದ್ರ ನೈಟ್ರಿಕ್ ಆಮ್ಲ ಸೇರಿಸಿ, ಮೆಲ್ಲಗೆ ಕುಲುಕಿ ನಿಲ್ಲಿಸಿ. ಬಿಸಿ ಮಾಡಬೇಡಿ, ಬಾಯಿಗೆ ಬಿಗಿಯಾಗಿ ಬಿರಡೆ ಹಾಕಬೇಡಿ. ಒಳಗೆ ಅನಿಲ ಹುಟ್ಟಿ ಆಮ್ಲ ಚಿಮ್ಮಬಹುದು. ಪದರಗಳು ಬೇರೆಯಾದ ಮೇಲೆ ಕೆಳಗಿನ ಆಮ್ಲದ ಪದರವನ್ನಷ್ಟೇ ನೋಡಿ. ಅದು ಕಿತ್ತಳೆ-ಹಳದಿಯಿಂದ ಕಡುಗೆಂಪಿನವರೆಗಿನ ಯಾವುದೇ ಬಣ್ಣಕ್ಕೆ ತಿರುಗಿದರೆ ಅನುಮಾನಕ್ಕೆ ಕಾರಣವಿದೆ. ಅನುಮಾನ ಮಾತ್ರ. ಬೇರೆ ಎಣ್ಣೆಗಳ ಸಹಜ ಬಣ್ಣವೂ ಆಮ್ಲದಲ್ಲಿ ಕೆಂಪಾಗಿ ದಾರಿ ತಪ್ಪಿಸುತ್ತದೆ. ಅದಕ್ಕೇ ಶುದ್ಧ ಎಣ್ಣೆಯ ಪ್ರನಾಳವನ್ನು ಪಕ್ಕದಲ್ಲಿಟ್ಟು, ಬಿಳಿ ಕಾಗದದ ಮುಂದೆ ಎರಡನ್ನೂ ಹೋಲಿಸಬೇಕು. ಇನ್ನೊಂದು ತೊಡಕು, ಕಲಬೆರಕೆ ಸುಮಾರು 0.25 ಶೇಕಡಕ್ಕಿಂತ ಕಡಿಮೆಯಿದ್ದರೆ ಈ ಪರೀಕ್ಷೆ ಸುಮ್ಮನಿರುತ್ತದೆ. ಬಣ್ಣ ಬರಲಿಲ್ಲವೆಂದು ಎಣ್ಣೆ ಸುರಕ್ಷಿತ ಎಂದು ಬರೆದುಕೊಡುವುದು ದೊಡ್ಡ ತಪ್ಪು.

ಆದ್ದರಿಂದ ಮುಂದೆ ಫೆರಿಕ್ ಕ್ಲೋರೈಡ್ ಎಂಬ ಕಬ್ಬಿಣದ ಲವಣದ ಪರೀಕ್ಷೆ. 2 ಮಿ.ಲೀ. ಎಣ್ಣೆಗೆ 2 ಮಿ.ಲೀ. ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿ, ಬಿಸಿನೀರಿನ ತೊಟ್ಟಿಯಲ್ಲಿ 2 ನಿಮಿಷ ಇಡಿ. 8 ಮಿ.ಲೀ. ಈಥೈಲ್ ಆಲ್ಕೊಹಾಲ್ ಸೇರಿಸಿ ಇನ್ನೊಂದು ನಿಮಿಷ. ಬಳಿಕ ಆಮ್ಲ ಬೆರೆಸಿದ ಫೆರಿಕ್ ಕ್ಲೋರೈಡ್ ದ್ರಾವಣ 2 ಮಿ.ಲೀ. ಹಾಕಿ 10 ನಿಮಿಷ ಬಿಸಿ ಮಾಡಿ. ಆಲ್ಕೊಹಾಲ್‌ಗೆ ಬೇಗ ಬೆಂಕಿ ಹತ್ತುತ್ತದೆ, ಹತ್ತಿರ ಜ್ವಾಲೆ ಇರಕೂಡದು. ಕಿತ್ತಳೆ-ಕೆಂಪು ಗಸಿ ತಳಕ್ಕಿಳಿದರೆ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ: ಸೂಜಿಯಂಥ ಕೆಂಗಂದು ಹರಳುಗಳು ಕಂಡರೆ ಅದು ಕಬ್ಬಿಣದೊಡನೆ ಕೂಡಿದ ಸಾಂಗ್ವಿನರಿನ್. ಹರಳಿಲ್ಲದ ಬರೀ ಬಣ್ಣವನ್ನು ನಂಬಬೇಡಿ.

ಅಲ್ಪ ಪ್ರಮಾಣಕ್ಕೆ ತೆಳುಪದರ ಕ್ರೊಮ್ಯಾಟೊಗ್ರಫಿಯೇ ಗತಿ. ಇದರಲ್ಲಿ ತಟ್ಟೆಯ ಮೇಲೆ ದ್ರಾವಕ ಏರುತ್ತಾ ಹೋದಂತೆ ಬೇರೆಬೇರೆ ವಸ್ತುಗಳು ಬೇರೆಬೇರೆ ಎತ್ತರದಲ್ಲಿ ಚುಕ್ಕೆಗಳಾಗಿ ನಿಲ್ಲುತ್ತವೆ. ಎಣ್ಣೆಯನ್ನು ಈಥರ್‌ನಲ್ಲಿ ಕರಗಿಸಿ, ಹೈಡ್ರೋಕ್ಲೋರಿಕ್ ಆಮ್ಲದೊಂದಿಗೆ ಕುಲುಕಿ, ಆ ಆಮ್ಲದ ಸಾರವನ್ನು ಸಿಲಿಕಾ ತಟ್ಟೆಯ ಮೇಲೆ ಹನಿಸಬೇಕು. ಅದೇ ತಟ್ಟೆಯಲ್ಲಿ, ಆರ್ಜಿಮೋನ್ ಎಣ್ಣೆ ಬೆರೆಸಿದ ಮಾದರಿಯ ಸಾರವೂ ಶುದ್ಧ ಎಣ್ಣೆಯ ಸಾರವೂ ಇರಲಿ. ದ್ರಾವಕ ಏರಿದ ಮೇಲೆ ತಟ್ಟೆಯನ್ನು ಅತಿನೇರಳೆ ಬೆಳಕಿನಲ್ಲಿ ನೋಡಿದಾಗ, ಹೊಳೆಯುವ ಚುಕ್ಕೆಯ ಎತ್ತರ, ಬಣ್ಣ ಎರಡೂ ಆರ್ಜಿಮೋನ್ ಮಾದರಿಗೆ ಹೊಂದಿ, ಶುದ್ಧ ಎಣ್ಣೆಯಲ್ಲಿ ಅದು ಇಲ್ಲದಿದ್ದರೆ ಮಾತ್ರ ಕಲಬೆರಕೆ ಇದೆ ಎಂದು ಬರೆಯಿರಿ.