ಫಲಿತಾಂಶದ ಪಟ್ಟಿಯ ಪಕ್ಕದಲ್ಲಿ ದಾಖಲಾತಿ ವಹಿಯನ್ನು ಇಟ್ಟುಕೊಂಡಾಗ

ಕಿರಿಯ ತಾಂತ್ರಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ ಎಂದರೆ ಇಂದಿಗೂ ಹೆಚ್ಚಿನವರು ಅದನ್ನು ಐಟಿಐ ಎಂದೇ ತಿಳಿಯುತ್ತಾರೆ. ಜೆಟಿಎಸ್ ಎಂದು ಕರೆಯಲಾಗುವ ಈ ಸರ್ಕಾರಿ ಶಾಲೆಗಳು ಕಾಲೇಜು ಮತ್ತು ತಾಂತ್ರಿಕ ಶಿಕ್ಷಣ ಇಲಾಖೆಯ ಅಡಿಯಲ್ಲಿ ನಡೆಯುತ್ತವೆ. ಮಕ್ಕಳು ಎಂಟನೆಯ ತರಗತಿಗೆ ಸೇರಿ, ಮೂರು ವರ್ಷ ಓದಿ, ಉಳಿದ ಪ್ರೌಢಶಾಲೆಗಳ ಮಕ್ಕಳಂತೆಯೇ ಎಸ್‌ಎಸ್‌ಎಲ್‌ಸಿ ಬರೆಯುತ್ತಾರೆ. ಭಾಷೆ, ಗಣಿತಗಳ ಜೊತೆಗೆ ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನ ಮೂಲಪಾಠಗಳು, ಡ್ರಾಯಿಂಗ್, ವರ್ಕ್‌ಶಾಪ್ ಇರುತ್ತವೆ. ನೆರೆಯ ಕೇರಳದ ಟೆಕ್ನಿಕಲ್ ಹೈಸ್ಕೂಲುಗಳಿಗೆ ಟಿಎಚ್‌ಎಸ್‌ಎಲ್‌ಸಿ ಎಂಬ ಪ್ರತ್ಯೇಕ ಪರೀಕ್ಷೆಯೇ ಇದೆ. ನಮ್ಮಲ್ಲಿ ಹಾಗಿಲ್ಲದಿರುವುದರಿಂದ ರಾಜ್ಯದ ಒಟ್ಟು ಫಲಿತಾಂಶದೊಡನೆ ನಮ್ಮನ್ನು ಹೋಲಿಸುವುದು ಪ್ರತಿ ವರ್ಷ ತಪ್ಪಿದ್ದಲ್ಲ.

2023ರಲ್ಲಿ ಶೇ 83.89ರಷ್ಟಿದ್ದ ರಾಜ್ಯದ ಫಲಿತಾಂಶ 2024ರಲ್ಲಿ ಶೇ 73.40ಕ್ಕೆ ಇಳಿಯಿತು. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ನಕಲು ತಡೆಯಲು ಕ್ಯಾಮೆರಾದ ನೇರ ನಿಗಾ, ಬಂದ ವರ್ಷ ಅದು. ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೂ ಬಂದ ಅಂಕಿ ಅದು. ನಮ್ಮ ಶಾಲೆಯ ಫಲಿತಾಂಶವೂ ಇಳಿಯಿತು. ಕೆಲವೇ ದಿನಗಳಲ್ಲಿ ಮೇಲಿನಿಂದ ಒಂದು ನಮೂನೆ ಬಂತು. ಅದರಲ್ಲಿ ‘ಕಡಿಮೆ ಫಲಿತಾಂಶಕ್ಕೆ ಕಾರಣ’ ಎಂಬ ಕಲಮಿನ ಮುಂದೆ ಎರಡು ಸಾಲಿನಷ್ಟು ಜಾಗವಿತ್ತು. ಅದನ್ನು ತುಂಬುವ ಕೆಲಸ ಡ್ರಾಯಿಂಗ್ ಮತ್ತು ಮೆಕ್ಯಾನಿಕಲ್ ತೆಗೆದುಕೊಳ್ಳುವ ನನ್ನ ಪಾಲಿಗೆ ಬಂತು. ಹಿಂದಿನ ವರ್ಷಗಳ ಕಡತ ತೆಗೆದು ನೋಡಿದರೆ ಪ್ರತಿ ಬಾರಿಯೂ ‘ಮಕ್ಕಳು ಗ್ರಾಮೀಣ ಹಿನ್ನೆಲೆಯವರು, ಪಾಲಕರು ಅವಿದ್ಯಾವಂತರು’ ಎಂಬ ಒಂದೇ ವಾಕ್ಯ. ಅದರಲ್ಲಿ ಒಂದು ವರ್ಷದ್ದನ್ನು ಬರೆದವನು ನಾನೇ.

ಈ ಬಾರಿ ಹಾಗೆ ಬರೆಯಲು ಮನಸ್ಸಾಗಲಿಲ್ಲ. ದಾಖಲಾತಿ ವಹಿ, ಹಾಜರಾತಿ ಪುಸ್ತಕ ಮತ್ತು ಅಂಕಪಟ್ಟಿ ಮೂರನ್ನೂ ಮೇಜಿನ ಮೇಲಿಟ್ಟುಕೊಂಡು, ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಸಾಲಿನಂತೆ ಉದ್ದನೆಯ ಲೆಡ್ಜರ್ ಹಾಳೆಯಲ್ಲಿ ಬರೆಯುತ್ತ ಹೋದೆ. ಮೊದಲು ವಿಂಗಡಿಸಿದ್ದು ವಹಿಯಲ್ಲಿ ಸಿದ್ಧವಾಗಿಯೇ ಇದ್ದ ಪ್ರವರ್ಗದ ಪ್ರಕಾರ: ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ 1, 2ಎ, 2ಬಿ, 3ಎ, 3ಬಿ. ಅದರಿಂದ ಏನೂ ಹೊರಡಲಿಲ್ಲ. ತೇರ್ಗಡೆಯಾದವರೂ ಆಗದವರೂ ಎಲ್ಲ ಗುಂಪುಗಳಲ್ಲಿದ್ದರು. ಪಾಲಕರ ಉದ್ಯೋಗದ ಪ್ರಕಾರ ನೋಡಿದಾಗ ನಮ್ಮ ಶಾಲೆಗೆ ಯಾರು ಬರುತ್ತಾರೆಂಬುದು ಮಾತ್ರ ಸ್ಪಷ್ಟವಾಯಿತು. ಗಾರೆ ಕೆಲಸದವರು, ಗ್ಯಾರೇಜಿನವರು, ವೈರಿಂಗ್ ಮಾಡುವವರು, ಕೂಲಿಯವರು, ಎರಡು-ಮೂರು ಎಕರೆ ಮಳೆಯಾಶ್ರಿತ ಹೊಲ ಇರುವವರು. ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು, ಅವರಲ್ಲಿ ಹೆಚ್ಚಿನವರ ಅಣ್ಣಂದಿರು ಇದೇ ಶಾಲೆಯಲ್ಲಿ ಓದಿದವರು, ಅಂದರೆ ದಾರಿ ಮೊದಲೇ ಪರಿಚಿತವಾಗಿದ್ದ ಮನೆಗಳವರು.

ಕಾರಣ ಸಿಕ್ಕಿದ್ದು ನಾನು ಹುಡುಕದೇ ಇದ್ದ ಕಲಮಿನಲ್ಲಿ. ಗಣಿತದಲ್ಲಿ ಅನುತ್ತೀರ್ಣರಾದವರ ಊರುಗಳನ್ನು ಪೆನ್ಸಿಲಿನಿಂದ ಗುರುತು ಮಾಡುತ್ತಿದ್ದಾಗ ಒಂದೇ ರಸ್ತೆಯ ನಾಲ್ಕು ಹಳ್ಳಿಗಳ ಹೆಸರು ಮತ್ತೆ ಮತ್ತೆ ಬಂದವು. ಆ ರಸ್ತೆಯಲ್ಲಿ ಬೆಳಗಿನ ಬಸ್ಸು ಒಂದೇ, ಅದು ನಿಲ್ದಾಣ ತಲಪುವ ಹೊತ್ತಿಗೆ ನಮ್ಮ ಮೊದಲ ಅವಧಿ ಅರ್ಧ ಮುಗಿದಿರುತ್ತದೆ. ಮೊದಲ ಅವಧಿ ಗಣಿತ. ಬೆಳಗ್ಗೆ ತಲೆ ತಾಜಾ ಇರುತ್ತದೆ ಎಂಬ ಸದುದ್ದೇಶದಿಂದ ಎಷ್ಟೋ ವರ್ಷಗಳಿಂದ ಹಾಗೆಯೇ ಇಟ್ಟುಕೊಂಡು ಬಂದಿದ್ದೆವು. ಹಾಜರಿ ಕರೆಯುತ್ತಿದ್ದುದು ಎರಡನೆಯ ಅವಧಿಗೆ ಮುಂಚೆ, ಆದ್ದರಿಂದ ಪುಸ್ತಕದಲ್ಲಿ ಆ ಮಕ್ಕಳೆಲ್ಲ ಮೂರು ವರ್ಷವೂ ಹಾಜರ್! ತಡವಾಗಿ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿದವರಲ್ಲಿ ನಾನೂ ಒಬ್ಬ.

ಗಣಿತದ ಕೊರತೆ ಗಣಿತದ ಪತ್ರಿಕೆಗೇ ನಿಲ್ಲುವುದಿಲ್ಲ ಎಂಬುದು ವರ್ಕ್‌ಶಾಪಿನಲ್ಲಿ ಕಾಣುತ್ತದೆ. ವರ್ನಿಯರ್ ಕ್ಯಾಲಿಪರಿನಲ್ಲಿ ಮುಖ್ಯ ಸ್ಕೇಲಿನ 49 ಮಿಲಿಮೀಟರನ್ನು ಜಾರುವ ಸ್ಕೇಲಿನಲ್ಲಿ 50 ಭಾಗ ಮಾಡಿರುತ್ತಾರೆ, ಆದ್ದರಿಂದ ಅದರ ಕನಿಷ್ಠ ಅಳತೆ 0.02 ಮಿಲಿಮೀಟರ್. ಇಷ್ಟನ್ನು ಮಕ್ಕಳು ಬಾಯಿಪಾಠ ಹೇಳುತ್ತಾರೆ. ಜಾರುವ ಸ್ಕೇಲಿನ ಹದಿಮೂರನೆಯ ಗೆರೆ ಮುಖ್ಯ ಸ್ಕೇಲಿನ ಗೆರೆಯೊಡನೆ ಕೂಡಿದೆ ಎಂದು ಸರಿಯಾಗಿ ಗುರುತಿಸಿದ ಹುಡುಗಿಯೊಬ್ಬಳು 13ನ್ನು 0.02ರಿಂದ ಗುಣಿಸಿ 2.6 ಎಂದು ಬರೆದಳು, ಬರಬೇಕಾದದ್ದು 0.26. ಕಣ್ಣು ತಪ್ಪಿರಲಿಲ್ಲ, ದಶಮಾಂಶದ ಚುಕ್ಕಿ ತಪ್ಪಿತ್ತು. ಅಂದಿನಿಂದ ದಶಮಾಂಶವನ್ನು ಕಪ್ಪು ಹಲಗೆಯ ಮೇಲೆ ಹೇಳುವುದನ್ನು ಬಿಟ್ಟು, ಕಬ್ಬಿಣದ ತುಂಡುಗಳನ್ನು ಕೈಗೆ ಕೊಟ್ಟು ಅಳೆಸತೊಡಗಿದೆ. ಮಿಲಿಮೀಟರಿಗೂ ಕಡಿಮೆಯಾದದ್ದು 2 ಮಿಲಿಮೀಟರಿಗಿಂತ ಹೆಚ್ಚಾಗುವುದು ಹೇಗೆ ಎಂದು ಆಗ ಅವರೇ ಕೇಳಿಕೊಳ್ಳುತ್ತಾರೆ.

ವೆಲ್ಡಿಂಗ್ ಅಂಗಡಿಯವರ ಮಗನ ವಿಷಯ ಇದಕ್ಕೆ ಪೂರ್ತಿ ಉಲ್ಟಾ. ಬೆಂಚ್ ವೈಸಿಗೆ ತುಂಡು ಸಿಕ್ಕಿಸಿ ಅರ (ಲೋಹ ಉಜ್ಜುವ ಫೈಲು) ಹಾಕಿದನೆಂದರೆ ಮಟ್ಟಗೋಲಿನ ಕೆಳಗೆ ಬೆಳಕು ನುಸುಳುತ್ತಿರಲಿಲ್ಲ. ಆದರೆ ಅರಗಳ ವಿಧಗಳನ್ನು ಬರೆಯಿರಿ ಎಂಬ ಪ್ರಶ್ನೆಗೆ ಖಾಲಿ ಬಿಟ್ಟಿದ್ದ. ಕೇಳಿದರೆ, “ಸಾರ್, ಕೈಗೆ ಗೊತ್ತಾಗ್ತದ, ಬರಿಯಾಕ ಬರಂಗಿಲ್ರಿ” ಎಂದ. ಅವನೂ ಅವನಂಥವರೂ ಮಾಡಿದ ಕೆಲಸವನ್ನು ಅಂದೇ ನಾಲ್ಕು ವಾಕ್ಯಗಳಲ್ಲಿ ಬರೆದು ತೋರಿಸಿದ ಮೇಲೆಯೇ ಉಪಕರಣ ಹಿಂದಿರುಗಿಸಬೇಕು ಎಂಬ ನಿಯಮ ಮಾಡಿದೆ. ಮೊದಲ ತಿಂಗಳು ಗೊಣಗಾಟವೇ ಹೆಚ್ಚಿತ್ತು. ಅವನು ಆ ವರ್ಷದ ಮೊದಲ ಪರೀಕ್ಷೆಯಲ್ಲಿ ಗಣಿತದಲ್ಲಿ ಉಳಿದು, ಜೂನ್ ತಿಂಗಳ ಎರಡನೆಯ ಪರೀಕ್ಷೆಯಲ್ಲಿ ಪಾಸಾದ.

ವೇಳಾಪಟ್ಟಿಯನ್ನು ಬದಲಿಸುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ವರ್ಕ್‌ಶಾಪಿಗೆ ಎರಡು ಅವಧಿ ಒಟ್ಟಿಗೇ ಬೇಕು, ಗಣಿತದ ಶಿಕ್ಷಕರು ಒಬ್ಬರೇ. ಕೊನೆಗೆ ಗಣಿತವನ್ನು ಮೂರನೆಯ ಅವಧಿಗೆ ಸರಿಸಿ, ಮೊದಲ ಅವಧಿಯಲ್ಲಿ ಡ್ರಾಯಿಂಗ್ ಹಾಳೆ ಪೂರ್ತಿ ಮಾಡುವ ಕೆಲಸ ಇಟ್ಟೆವು; ಅರ್ಧದಲ್ಲಿ ಬಂದವರೂ ಬೋರ್ಡಿಗೆ ಹಾಳೆ ಸಿಕ್ಕಿಸಿ ತಮ್ಮ ಗೆರೆ ಮುಂದುವರಿಸಬಹುದು, ಯಾರ ಪಾಠವೂ ಕೆಡುವುದಿಲ್ಲ. ಇದರಿಂದ ನಮ್ಮ ಶೇಕಡಾವಾರು ಎಷ್ಟು ಏರುತ್ತದೆ ಎಂದು ಮುಖ್ಯಸ್ಥರು ಕೇಳಿದರು. ಒಂದು ತರಗತಿಯಲ್ಲಿ ನಾಲ್ಕೈದು ಮಕ್ಕಳು ಆಚೀಚೆಯಾದರೂ ಅಂಕಿ ಎಷ್ಟೋ ಪಾಲು ಕುಣಿಯುವ ಚಿಕ್ಕ ಶಾಲೆ ನಮ್ಮದು, ಹಾಗಾಗಿ ಅದನ್ನು ನಂಬಿ ಮಾತು ಕೊಡಲಾರೆ ಎಂದು ಹೇಳಿದೆ.

ನಮೂನೆಯ ಆ ಎರಡು ಸಾಲಿನಲ್ಲಿ ‘ಬೆಳಗಿನ ಬಸ್ಸು ಮತ್ತು ನಮ್ಮ ವೇಳಾಪಟ್ಟಿ’ ಎಂದು ಬರೆದು ಕಳಿಸಿದೆ. ಸ್ಪಷ್ಟೀಕರಣ ಕೇಳಿ ಅದು ವಾಪಸು ಬಂತು, ಲೆಡ್ಜರ್ ಹಾಳೆಯ ನಕಲನ್ನು ಲಗತ್ತಿಸಿ ಮತ್ತೆ ಕಳಿಸಿದೆ. ಈಗ ಎಂಟನೆಯ ತರಗತಿಗೆ ಹೊಸಬರು ಸೇರುವಾಗ ಊರಿನ ಹೆಸರಿನ ಮುಂದೆ, ಅಲ್ಲಿಂದ ಬೆಳಗಿನ ಬಸ್ಸು ಎಷ್ಟಕ್ಕೆ ಹೊರಡುತ್ತದೆ ಎಂಬುದನ್ನೂ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತೇನೆ. ಬಸ್ಸಿನ ವೇಳೆ ವರ್ಷಕ್ಕೆರಡು ಬಾರಿಯಾದರೂ ಬದಲಾಗುತ್ತದೆ.